ಎಡಕ್ಕೆ ಬಿದ್ದ ಹೂವು

ಪ್ರವಾಹದ ಹಾನಿ ಬರೆದುಕೊಳ್ಳಲು ಬಂದಿದ್ದ ಸಾಹೇಬನ ಹಾಳೆಯಲ್ಲಿ ಗೋಡೆಗೆ ಒಂದು ಕಾಲಂ ಇತ್ತು, ಎಮ್ಮೆಗೆ ಒಂದು, ಮೇಕೆಗೆ ಒಂದು, ಕೋಳಿಗೂ ಒಂದಿತ್ತು. ನದಿಗೆ ಇರಲಿಲ್ಲ.

“ನಮ್ಮ ಮಡು ಹೋಗ್ಯಾದ್ರಿ ಸಾಹೇಬ್ರ. ಅದನ್ನ ಎಲ್ಲಿ ಬರಕೋತೀರಿ?” ಎಂದು ಕೇಳಿದೆ.

ಆತ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕ. “ಹೊಳಿ ಎಲ್ಲಿ ಹೋಗ್ತದ ಯವ್ವಾ? ಅಲ್ಲೇ ಹರಿಯಾಕತ್ತದಲ್ಲ.”

ಮೈಯೆಲ್ಲ ಉರಿದುಹೋಯಿತು. ಇನ್ನೆರಡು ಮಾತು ಆಡುವವಳಿದ್ದೆ, ಅಷ್ಟರಲ್ಲಿ ನನ್ನ ಗಂಡ ಹುಲಿಗೇಶ ಹಿಂದಿನಿಂದ ಸೆರಗು ಜಗ್ಗಿದ. ಹೆಸರಿಗಷ್ಟೇ ಹುಲಿ. ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಜಾತಿಯ ಮನುಷ್ಯ. ಸಾಹೇಬ ನಮ್ಮ ಬಿದ್ದ ಗೋಡೆಯನ್ನು ಅಳೆದು, ಒಂದು ಫೋಟೊ ಹೊಡೆದುಕೊಂಡು ಜೀಪು ಹತ್ತಿದ.

ನಮ್ಮೂರು ಕೃಷ್ಣೆಯ ದಂಡೆಯಲ್ಲಿದೆ. ಶಕ್ತಿನಗರದ ಕರೆಂಟಿನ ಕಾರ್ಖಾನೆಯ ಚಿಮಣಿಗಳು ನಮ್ಮ ಅಂಗಳಕ್ಕೇ ಕಾಣುತ್ತವೆ. ಊರ ಮುಂದೆ ನದಿ ಒಂದು ಸಣ್ಣ ತಿರುವು ತೆಗೆದುಕೊಂಡು ಉತ್ತರಕ್ಕೆ ಹರಿಯುತ್ತದೆ. ಆ ತಿರುವಿನಲ್ಲಿ ನಮ್ಮ ಏಳಾಳು ಮಡು ಇತ್ತು. ಏಳು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮೇಲಿನವನ ತಲೆ ಮುಳುಗುವಷ್ಟು ಆಳ ಎಂದು ಆ ಹೆಸರು. ಬೇಸಿಗೆಯಲ್ಲಿ ನದಿಯೆಲ್ಲ ಬಂಡೆ ಮತ್ತು ಮರಳಾಗಿ ಉಳಿದಾಗ ಮೇಲಿನ ಮೀನು, ಕೆಳಗಿನ ಮೀನು ಎಲ್ಲವೂ ಬಂದು ಅಲ್ಲೇ ಸೇರುತ್ತಿದ್ದವು. ಒಂದೊಂದು ಬಾಳೆಮೀನು ನನ್ನ ತೋಳಿಗಿಂತ ಉದ್ದ. ರಾಯಚೂರಿನ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸಿದರೆ, “ಏಳಾಳಿನ ಮಾಲು ಬಂತು” ಎಂದು ಜನ ಎದ್ದು ಬರುತ್ತಿದ್ದರು. ನಾನು ಆ ಮಾತು ಕೇಳಲೆಂದೇ ಬುಟ್ಟಿಯನ್ನು ಸ್ವಲ್ಪ ಜೋರಾಗಿ ಇಳಿಸುತ್ತಿದ್ದೆ.

ಕಳೆದ ವರ್ಷದ ಆಗಸ್ಟಿನಲ್ಲಿ ಮೇಲೆ ಅಣೆಕಟ್ಟಿನ ಗೇಟು ತೆಗೆದರು. ನಾಲ್ಕು ದಿನ ಊರೊಳಗೆ ನೀರು. ಐದನೇ ದಿನ ಇಳಿಯಿತು. ದಂಡೆಗೆ ಹೋಗಿ ನೋಡಿದರೆ ನಮ್ಮ ನದಿ ಅಲ್ಲಿರಲಿಲ್ಲ. ಮಡು ಇದ್ದ ಜಾಗದಲ್ಲಿ ಬಿಳಿ ಮರಳು. ಮೂರು ತಲೆಮಾರು ಹೊಟ್ಟೆ ಹೊರೆದ ನೀರಿನ ಮೇಲೆ ಯಾರದೋ ಎರಡು ಆಡು ನಡೆದುಕೊಂಡು ಹೋಗುತ್ತಿದ್ದವು. ಆಚೆ ದಂಡೆಯ ಗುಂಟ ಹರಿಯುತ್ತಿದ್ದ ಸೆಳವು ಈಚೆಗೆ ಸರಿದು, ಗಂಗಮ್ಮನ ಗುಡಿಯ ಮುಂದಿನ ಕರಿಬಂಡೆಗಳಿಗೆ ಅಪ್ಪಳಿಸುತ್ತಿತ್ತು. ಗುಡಿ ಕುಸಿದುಬಿದ್ದು, ಬರೀ ಕಲ್ಲಿನ ಕಟ್ಟೆ ಉಳಿದಿತ್ತು. ದೇವಿಯ ಮೂರ್ತಿಯನ್ನು ಮೊದಲ ದಿನವೇ, ಕುತ್ತಿಗೆಮಟ ನೀರಲ್ಲಿ, ನಾನೇ ತಲೆಯ ಮೇಲೆ ಹೊತ್ತು ತಂದಿದ್ದೆ. ಆ ನೀರಿನ ಸಪ್ಪಳ ಈಗಲೂ ಕಿವಿಯಲ್ಲಿದೆ.

ಮೂರ್ತಿಯನ್ನು ನಾನೇ ಏಕೆ ತಂದೆ ಎಂದರೆ, ಅದು ನಮ್ಮ ಮನೆಯ ಸೊಸೆಯರ ಹಕ್ಕು. ಗಂಗಮ್ಮನಿಗೆ ಹೂವು ಕೇಳುವವರು ನಾವೇ. ಗಂಧ ಹಚ್ಚಿ ಮೂರ್ತಿಯ ಎರಡೂ ಭುಜಕ್ಕೆ ಕಣಗಿಲೆ ಹೂವು ಅಂಟಿಸಿ ಕೇಳಬೇಕು. ಬಲಗಡೆಯದು ಮೊದಲು ಬಿದ್ದರೆ ದೇವಿ ಹೂಂ ಅಂದಂತೆ, ಎಡಗಡೆಯದು ಬಿದ್ದರೆ ಒಲ್ಲೆ ಅಂದಂತೆ. ನನ್ನ ಅತ್ತೆ ಬೂದೆಮ್ಮ ನಲವತ್ತು ವರ್ಷ ಕೇಳಿದಳು. ಅವಳ ಮೊಣಕಾಲು ಸೋತ ಮೇಲೆ ನನಗೆ ಕೊಟ್ಟಳು.

ಇನ್ನು ಗುಡಿಯ ಇನ್ನೊಂದು ಕೆಲಸ ಹೇಳಬೇಕು. ಊರಲ್ಲಿ ಮೀನು ಹಿಡಿಯುವ ಮನೆತನ ಎರಡು, ನಮ್ಮದು ಮತ್ತು ಕನಕಪ್ಪನದು. ನದಿಯಲ್ಲಿ ಬೇಲಿ ಹಾಕಲು ಬರುತ್ತದೆಯೇ? ಅದಕ್ಕೆ ಹಿರಿಯರು ಒಂದು ಗೆರೆ ಹಿಡಿದಿದ್ದರು. ಹರಿಗೋಲಿನಲ್ಲಿ ನಿಂತು ದಂಡೆಯ ಕಡೆ ನೋಡಬೇಕು. ಗುಡಿಯ ಕಳಸ ಮತ್ತು ಅದರ ಹಿಂದೆ ದೂರದಲ್ಲಿ ಕಾಣುವ ಎಡಗಡೆಯ ಚಿಮಣಿ ಒಂದರ ಹಿಂದೊಂದು ಕೂಡಿದವೋ, ಅಲ್ಲಿ ಗೂಟ. ಗೂಟದಿಂದ ಮೇಲ್ಹೊಳೆ, ನೀರು ಬರುವ ಕಡೆ, ನಮ್ಮದು, ಕೆಳಗಿನದು ಅವರದು. ಚಿಮಣಿ ಬರುವ ಮೊದಲು ಅಲ್ಲೊಂದು ಒಂಟಿ ತಾಳೆಮರ ಇತ್ತಂತೆ. ಮಳೆಗಾಲದಲ್ಲಿ ಗೂಟ ಕೊಚ್ಚಿಹೋಗುತ್ತದೆ, ಸೀಗಿ ಹುಣ್ಣಿಮೆಯ ಮರುದಿನ ಮತ್ತೆ ನೋಡಿ ನೆಡುತ್ತಾರೆ. ಈ ಗೆರೆಗಾಗಿ ನಮ್ಮೂರಲ್ಲಿ ಒಂದು ತಲೆಯೂ ಒಡೆದಿಲ್ಲ.

ಮಡು ಸತ್ತ ಮೇಲೆ ಆ ವರ್ಷ ಯಾರೂ ಗೂಟ ನೆಡಲಿಲ್ಲ, ನಾವು ಬಲೆಯನ್ನು ಅಟ್ಟಕ್ಕೆ ಎಸೆದೆವು. ಹುಲಿಗೇಶ ಶಕ್ತಿನಗರಕ್ಕೆ ಬೂದಿ ಲಾರಿ ತುಂಬುವ ಕೂಲಿಗೆ ಹೋದ. ಸಂಜೆ ಬೆಳ್ಳಗೆ ಬೂದಿ ಬಳಿದುಕೊಂಡು ಬರುತ್ತಿದ್ದ. ಕೆಮ್ಮುತ್ತಿದ್ದ, ಆದರೆ ಒಂದು ದಿನವೂ ಗೊಣಗಲಿಲ್ಲ. ಅವನು ಗೊಣಗದ್ದಕ್ಕೇ ನನಗೆ ಸಿಟ್ಟು ಬರುತ್ತಿತ್ತು. ದೇವದುರ್ಗದ ಕಡೆಯ ಮರಳಿನ ಟಿಪ್ಪರಿನವರು ಬಂದು ನಮ್ಮ ಮಡುವಿನ ಮೇಲೆ ನಿಂತು, ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, “ಛಲೋ ಅದ” ಎಂದು ಹೊಗಳಿ ಹೋದರು. ಕಲ್ಲು ತೂರಬೇಕು ಅನ್ನಿಸಿತ್ತು.

ಫೆಬ್ರುವರಿಯಲ್ಲಿ ಕನಕಪ್ಪ ನಮ್ಮ ಮನೆಗೆ ಬಂದ. ನನ್ನ ಗಂಡನಿಗೆ ವರಸೆಯಲ್ಲಿ ಅಣ್ಣ, ನನಗೆ ಬಾವ. ದಂಡೆಯ ಮೇಲೆ, ಹಳೆಯ ಕಟ್ಟೆಯಿಂದ ಅರವತ್ತು ಹೆಜ್ಜೆ ಮೇಲ್ಹೊಳೆಯ ಕಡೆಗೆ ಅವನದೊಂದು ದಿಬ್ಬವಿದೆ. “ತಾಯಿಗೆ ಆ ಜಾಗ ಕೊಡ್ತೀನಿ ಯವ್ವಾ. ಇನ್ನೊಂದು ಸಲ ಆಕಿ ನೀರಾಗ ನಿಂದ್ರಬಾರದು” ಎಂದ. ಕಣ್ಣಲ್ಲಿ ನೀರೂ ತಂದುಕೊಂಡ. ನಾನು, ಹುಚ್ಚಿ, ಎದ್ದು ಅವನ ಕಾಲು ಮುಟ್ಟಿದೆ.

ಇಡೀ ಊರಿಗೆ ಖುಷಿ. ಇಟ್ಟಿಗೆ ಬಂತು, ಸಿಮೆಂಟು ಬಂತು. ಆದರೆ ದೇವಿಯನ್ನು ಕೇಳದೆ ಎಬ್ಬಿಸುವಂತಿಲ್ಲವಲ್ಲ? ಸಮುದಾಯ ಭವನದ ಮೂಲೆಯಲ್ಲಿ ಮೂರ್ತಿ ಇತ್ತು. ಊರೆಲ್ಲ ಹಿಂದೆ ಕೂತಿತ್ತು. ಒಳಗೆ ನಾನು, ಪಕ್ಕದಲ್ಲಿ ಗೋಡೆಗೆ ಒರಗಿ ಅತ್ತೆ. ಗಂಧ ಹಚ್ಚಿ ಹೂವು ಅಂಟಿಸಿ ಕೇಳಿದೆ: “ಯವ್ವಾ ಗಂಗವ್ವಾ, ಮ್ಯಾಲಿನ ಜಾಗಕ್ಕ ಬರ್ತೀಯೇನು?”

ಎಡಗಡೆಯ ಹೂವು ಬಿತ್ತು.

ಕಾಯಲೂ ಇಲ್ಲ, ಕೇಳುವುದಕ್ಕೇ ಕಾದಂತೆ ಬಿತ್ತು. ದೇವಿ ಒಲ್ಲೆ ಅಂದಿದ್ದಳು. ಮತ್ತೆ ಅದೇ ಕಟ್ಟೆ, ಅದೇ ಕುತ್ತಿಗೆಮಟ ನೀರು, ತಲೆಯ ಮೇಲೆ ಅದೇ ಭಾರ. ನನಗೆ ಭಯವಾಯಿತು. ಅಷ್ಟೇ ನಿಜ. ಬೆನ್ನು ಊರಿನ ಕಡೆಗಿತ್ತು, ಹಿಂದೆ ಕೂತವರಿಗೆ ಮೂರ್ತಿ ಕಾಣುತ್ತಿರಲಿಲ್ಲ. ಸೆರಗು ಸರಿಮಾಡಿಕೊಳ್ಳುವಂತೆ ಬಾಗಿ ಹೂವನ್ನು ಉಡಿಗೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ಗಂಧ ಒಣಗಿ ಬಲಗಡೆಯದೂ ಬಿತ್ತು. ಎರಡೇ ಹೂವು, ಇನ್ನು ಬೀಳದೆ ಎಲ್ಲಿ ಹೋದೀತು? ಅದನ್ನು ಎತ್ತಿ ಹಿಡಿದೆ. ಜನ ಕೈಮುಗಿದರು. ಅತ್ತೆ ನನ್ನ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡುತ್ತಿದ್ದಳು. ಅವಳ ಕಣ್ಣು ಮಂಜಾಗಿದೆ, ಕಂಡಿರಲಿಕ್ಕಿಲ್ಲ ಎಂದುಕೊಂಡೆ.

ಯುಗಾದಿಗೆ ಹೊಸ ಗುಡಿ ಎದ್ದಿತು. ಗುಡಿ ಸರಿದರೆ ಗೆರೆಯೂ ಸರಿಯುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಸತ್ತ ಹೊಳೆಯ ಗೆರೆ ಯಾರಿಗೆ ಬೇಕಿತ್ತು?

ಒಬ್ಬನಿಗೆ ಬೇಕಿತ್ತು. ಅದು ನನಗೆ ಗೊತ್ತಾದದ್ದು ಈ ಸೆಪ್ಟೆಂಬರಿನಲ್ಲಿ. ಹರಿದ ಬಲೆಗಳನ್ನಾದರೂ ಸರಿಮಾಡಿ ಮಾರೋಣವೆಂದು ನೂಲು ತರಲು ರಾಯಚೂರಿಗೆ ಹೋಗಿದ್ದೆ. ಮಾರ್ಕೆಟ್ಟಿನಲ್ಲಿ ಖಾಸಿಂ ಬೀ ಕೈ ಹಿಡಿದು ಕೂಡಿಸಿಕೊಂಡಳು. ಹದಿನೈದು ವರ್ಷ ನನ್ನ ಮೀನು ಮಾರಿದವಳು.

“ಏನ್ ನೇತ್ರಾ, ನನ್ನ ಮ್ಯಾಲ ಸಿಟ್ಟೇನು? ಏಳಾಳಿನ ಮಾಲು ನೀನು ತರೂದು ಬಿಟ್ಟು ಆ ಕನಕಪ್ಪನ ಕೈಯಾಗ ಯಾಕ ಕಳಸಾಕತ್ತೀ?”

“ಏಳಾಳು ಸತ್ತು ವರ್ಷ ಆತು ಬೀ. ಯಾವ ಮಾಲು?”

“ಹಾಯ್ ಅಲ್ಲಾ! ಬಾಳಿಮೀನ. ಇಷ್ಟಿಷ್ಟುದ್ದ. ಜನವರಿಯಿಂದ ಬ್ಯಾಸಗಿ ಪೂರಾ ತಂದಾನ. ನಾನು ನಿಮ್ಮದೇ ಅಂತ ಮಾಡೀನಿ.”

ಜನವರಿ. ಅವನು ದಿಬ್ಬ ಕೊಟ್ಟದ್ದು ಫೆಬ್ರುವರಿ. ನೂಲನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹಲ್ಲು ಕಡಿದದ್ದಕ್ಕೆ ಮನೆ ಮುಟ್ಟುವಷ್ಟರಲ್ಲಿ ದವಡೆ ನೋಯುತ್ತಿತ್ತು.

ಮರುದಿನ ಬೆಳಗ್ಗೆ ಹುಲಿಗೇಶನನ್ನು ಕೂಲಿಗೆ ಹೋಗಗೊಡಲಿಲ್ಲ. ಹರಿಗೋಲು ಇಳಿಸಿ, ಉದ್ದದ ಬಿದಿರು ಗಳ ಹಿಡಿದು ಹೊರಟೆವು. ಏಳಾಳಿದ್ದಲ್ಲಿ ಗಳ ಮೊಣಕಾಲುದ್ದ ನೀರಿಗೇ ಮರಳು ಕುಟ್ಟಿತು. ಕೆಳಗೆ ಬಂದೆವು. ಮರಳು, ಮರಳು, ಮತ್ತೆ ಮರಳು. ಹಳೆಯ ಕಟ್ಟೆಗೆ ನಲವತ್ತು ಹೆಜ್ಜೆ ಇರುವಾಗ, ಕರಿಬಂಡೆಗಳ ಮುಂದೆ, ಗಳ ಸರ್ರನೆ ಇಳಿಯಿತು. ಹುಲಿಗೇಶ ಭುಜದವರೆಗೆ ಕೈ ಮುಳುಗಿಸಿದರೂ ತಳ ಸಿಗಲಿಲ್ಲ. ಪ್ರವಾಹ ಅಲ್ಲಿಯ ಬಂಡೆಗೆ ಬಡಿದು, ತಿರುಗಿ, ತಳವನ್ನೆಲ್ಲ ತೋಡಿ ಎತ್ತಿಹಾಕಿತ್ತು. ಒಂದು ಕಡೆ ಮುಚ್ಚಿದ್ದನ್ನು ಇನ್ನೊಂದು ಕಡೆ ತೆರೆದಿತ್ತು. ನೀರು ಅಲ್ಲಿ ಕಪ್ಪಗೆ, ಸುಮ್ಮನೆ ಸುತ್ತುತ್ತಿತ್ತು. ನಾವು ನೋಡುತ್ತಿದ್ದಂತೆ ಒಂದು ಬಾಳೆಮೀನು ಮೇಲೆದ್ದು, ಬಾಲ ಹೊಡೆದು ಮುಳುಗಿತು.

ಹುಲಿಗೇಶ ಮಗುವಿನಂತೆ ನಕ್ಕ. “ಮಡು ಎಲ್ಲೂ ಹೋಗಿಲ್ಲಲೇ ನೇತ್ರಾ! ಕೆಳಗ ಸರದದ ಅಷ್ಟ!”

“ನಗಬ್ಯಾಡ್ರಿ. ದಂಡಿ ಕಡೆ ನೋಡ್ರಿ.”

ಅವನು ನೋಡಿದ. ಹಳೆಯ ಕಟ್ಟೆಯ ನೇರಕ್ಕೆ ಚಿಮಣಿ ಹಿಡಿದರೆ ಈ ಮಡು ಗೆರೆಯ ಮೇಲ್ಗಡೆ, ನಮ್ಮ ಪಾಲಿನಲ್ಲಿ ಬರುತ್ತಿತ್ತು. ಹೊಸ ಗುಡಿಯ ಕಳಸದ ನೇರಕ್ಕೆ ಹಿಡಿದರೆ ಗೆರೆ ಅರವತ್ತು ಹೆಜ್ಜೆ ಮೇಲೆ ಹೋಗಿ, ಮಡು ಪೂರ್ತಿ ಕನಕಪ್ಪನ ಪಾಲಿಗೆ. ನಮಗೆ ಉಳಿಯುವುದು ಆಡು ನಡೆಯುವ ಮರಳು. ಕನಕಪ್ಪ ಚಳಿಗಾಲದಲ್ಲೇ ಗಳ ಹಾಕಿ ಮಡು ಕಂಡುಕೊಂಡಿದ್ದ. ನಮ್ಮ ಪಾಲಿನಲ್ಲಿ ರಾತ್ರಿ ಹೊತ್ತು ಕದ್ದು ಹಿಡಿದಿದ್ದ. ಆಮೇಲೆ ಕದಿಯುವ ಕಷ್ಟವೂ ಬೇಡವೆಂದು ದೇವಿಯನ್ನೇ ಎಬ್ಬಿಸಿ ಕೂರಿಸಿದ್ದ. ಆ ಕಳ್ಳನ ಕಾಲು ನಾನು ಮುಟ್ಟಿದ್ದೆ.

“ಅಯ್ಯಪ್ಪಜ್ಜಗ ಹೇಳೂಣು” ಎಂದ ಹುಲಿಗೇಶ. ಅಯ್ಯಪ್ಪಜ್ಜ ನಮ್ಮವರಲ್ಲೆಲ್ಲ ಹಿರಿಯ, ಗೂಟ ನೆಡಿಸುವವನು ಅವನೇ.

“ಏನಂತ ಹೇಳ್ತೀರಿ? ದೇವಿ ತಾನ ಹೂಂ ಅಂದು ಹೋಗ್ಯಾಳ ಅಂತಾರ. ಹೂವು ಎತ್ತಿ ತೋರಿಸಿದಾಕಿ ನಾನ!”

ಹುಲಿಗೇಶ ಹರಿಗೋಲನ್ನು ದಂಡೆಗೆ ತಿರುಗಿಸಿದ. ನಾನು ಹೇಳಿದ್ದು ಅರ್ಧ ಮಾತ್ರ ಎಂದು ಅವನಿಗೆ ಗೊತ್ತಿರಲಿಲ್ಲ. ದೇವಿ ಒಲ್ಲೆ ಅಂದಿದ್ದಳು ಎಂದು ಹೇಳಿದರೆ ಗುಡಿ ಹಿಂದಕ್ಕೆ ಬರುತ್ತದೆ, ಗೆರೆ ಬರುತ್ತದೆ, ಮಡು ಬರುತ್ತದೆ. ಆದರೆ ಹೂವು ಮುಚ್ಚಿಟ್ಟ ಮನೆಗೆ ಮತ್ತೆ ಯಾರು ಹೂವು ಕೇಳಲು ಬಿಡುತ್ತಾರೆ? ಅತ್ತೆಯ ನಲವತ್ತು ವರ್ಷ, ಅವಳ ಅತ್ತೆಯ ಎಷ್ಟೋ ವರ್ಷ, ಎಲ್ಲ ನನ್ನ ಉಡಿಯಲ್ಲಿ ಬಾಡಿಹೋಗುತ್ತದೆ. ಹೇಳದಿದ್ದರೆ ಮೀನಿಲ್ಲ. ಗಂಡ ಬೂದಿ ನುಂಗುತ್ತಾ ಇರುತ್ತಾನೆ. ಹುಣ್ಣಿಮೆಗೆ ಹದಿನೆಂಟು ದಿನ ಇತ್ತು. ಹದಿನೆಂಟು ದಿನವೂ ನಾನು ಪಾತ್ರೆಗಳನ್ನು ಕುಕ್ಕಿದೆ, ಬಾಗಿಲು ಬಡಿದೆ. ಅತ್ತೆ ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು, ಏನಾಯಿತೆಂದು ಕೇಳಲಿಲ್ಲ.

ಗೂಟ ನೆಡುವ ದಿನ ಎರಡೂ ಮನೆತನದವರು ದಂಡೆಯಲ್ಲಿ ಸೇರಿದರು. ಅತ್ತೆಯನ್ನು ಹುಲಿಗೇಶ ಎತ್ತಿಕೊಂಡು ಬಂದು ಕಲ್ಲಿನ ಮೇಲೆ ಕೂರಿಸಿದ್ದ. ಕನಕಪ್ಪ ಹೊಸ ಪಂಚೆ ಉಟ್ಟು ತಾನೇ ಹರಿಗೋಲು ಹತ್ತಿದ. ಜೊತೆಗೆ ಅಯ್ಯಪ್ಪಜ್ಜ. ಕಳಸ ನೋಡಿದರು, ಚಿಮಣಿ ನೋಡಿದರು. ಹರಿಗೋಲು ಹೊಸ ಮಡುವನ್ನು ದಾಟಿ ಮೇಲೆ ಹೋಗಿ, ಮರಳಿನ ದಿನ್ನೆಯ ಪಕ್ಕ ನಿಂತಿತು.

“ಇಲ್ಲೇ ಬರ್ತದ” ಎಂದ ಅಯ್ಯಪ್ಪಜ್ಜ. ಅವನ ದನಿಯಲ್ಲಿ ಸಂಶಯ ಇತ್ತು. “ಇಷ್ಟು ಮ್ಯಾಲ ಯಾವಾಗೂ ಬಂದಿದ್ದಿಲ್ಲಲ್ಲೋ ಕನಕಪ್ಪ?”

“ತಾಯಿ ಎಲ್ಲಿ ಕುಂತಾಳೋ ಅಲ್ಲಿ ಗೆರಿ ಅಜ್ಜಾ. ಹಿರೇರು ಮಾಡಿದ್ದು. ನಾನೇನು ನನ್ನ ಮನಿಯಿಂದ ತಂದೀನೇನು?”

ಗೂಟಕ್ಕೆ ಮೊದಲ ಏಟು ಬಿತ್ತು. ಆ ಸಪ್ಪಳ ನನ್ನ ನೆತ್ತಿಗೇ ಹೊಡೆಯಿತು.

“ನಿಲ್ಲಸ್ರಿ!” ಎಂದು ಕೂಗಿದೆ. “ಬಾವಾ, ಜನವರಿಯಿಂದ ಯಾರ ಮಡುವಿನಾಗ ಬಲಿ ಹಾಕಾಕತ್ತಿದ್ದಿ? ಹೇಳು. ಖಾಸಿಂ ಬೀ ಎಲ್ಲಾ ಹೇಳ್ಯಾಳ. ಮಡು ನೋಡಿ ಆಮ್ಯಾಲ ದಿಬ್ಬ ಕೊಟ್ಟಿ. ದೇವಿಗೆ ಜಾಗ ಕೊಟ್ಯೋ, ಇಲ್ಲಾ ದೇವಿನ್ನ ಗೂಟ ಮಾಡಿ ಹುಗದ್ಯೋ?”

ಕನಕಪ್ಪನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಮೆತ್ತಗೆ ನಕ್ಕ. ಸಾಹೇಬ ನಕ್ಕ ಹಾಗೆಯೇ ನಕ್ಕ. “ನನ್ನ ಮನಸಿನಾಗ ಏನರ ಇರಲಿ ಯವ್ವಾ. ನಾ ಕರದೆ, ಆಕಿ ಬಂದ್ಲು. ಬರಲಾರದಿದ್ರ ಒಲ್ಲೆ ಅಂತಿದ್ಲು. ಹೂವು ಎತ್ತಿ ಹಿಡದಾಕಿ ನೀನೇ ಅಲ್ಲೇನು?”

ಎಲ್ಲರೂ ನನ್ನ ಕಡೆ ತಿರುಗಿದರು. ಅವನಿಗೆ ಗೊತ್ತಿತ್ತು, ಆ ಮಾತಿಗೆ ನನ್ನಲ್ಲಿ ಉತ್ತರ ಇರಲಾರದು ಎಂದು. ಅದೇ ನಂಬಿಕೆಯ ಮೇಲೆ ಅವನು ಸಿಮೆಂಟು ಹಾಕಿಸಿದ್ದ. ಸಿಟ್ಟು ಎಷ್ಟು ಬಂತೆಂದರೆ ಭಯಕ್ಕೆ ಜಾಗ ಉಳಿಯಲಿಲ್ಲ.

“ಒಲ್ಲೆ ಅಂದಿದ್ಲು” ಎಂದೆ. “ಮೊದಲ ಬಿದ್ದದ್ದು ಎಡಗಡಿ ಹೂವು. ನಾನು ಮುಚ್ಚಿಟ್ಟೆ. ಮತ್ತ ಆ ನೀರಿಗೆ ಇಳಿಯಾಕ ಹೆದರಿ ಮುಚ್ಚಿಟ್ಟೆ. ದೇವಿ ಬಂದಿಲ್ಲ. ನಾನು ಎಳಕೊಂಡು ಬಂದೀನಿ.”

ಹುಲಿಗೇಶ ನನ್ನ ಮುಖವನ್ನೇ ನೋಡುತ್ತಿದ್ದ.

“ಸುಳ್ಳು!” ಎಂದು ಕನಕಪ್ಪ ಹರಿಗೋಲಿನಲ್ಲೇ ಎದ್ದು ನಿಂತ. “ಮಡುವಿನ ಆಸೆಗೆ ಹೇಳಾಕತ್ತಾಳ. ಯಾರು ನೋಡ್ಯಾರ?”

“ನಾ ನೋಡೀನಿ.”

ಕಲ್ಲಿನ ಮೇಲಿಂದ ಅತ್ತೆ ಅಂದದ್ದು. “ಲೇ ಕನಕ್ಯಾ, ನನ್ನ ಕಣ್ಣು ಮಂಜು ಆಗ್ಯಾವ, ಕುರುಡು ಆಗಿಲ್ಲ. ಹೂವು ಎಡಕ್ಕ ಬಿತ್ತು. ಮನಿ ಮರ್ಯಾದಿ ಅಂತ ನಾನೂ ಬಾಯಿ ಮುಚಗೊಂಡು ಕುಂತೆ. ತಪ್ಪು ಇಬ್ಬರದೂ ಅದ.”

ಅಯ್ಯಪ್ಪಜ್ಜ ನೆಟ್ಟ ಗೂಟವನ್ನು ಅಲ್ಲಾಡಿಸಿ ಕಿತ್ತ. ದೇವಿ ಹಳೆಯ ಕಟ್ಟೆಗೆ ವಾಪಸು ಬರಬೇಕು, ಗೆರೆಯೂ ಅಲ್ಲಿಂದಲೇ ಎಂದ. ನನ್ನ ಎದೆ ಹಗುರಾಯಿತು ಅನ್ನುವಷ್ಟರಲ್ಲಿ ಉಳಿದ ಮಾತೂ ಬಂತು. ಹೂವು ಮುಚ್ಚಿದ ಮನೆ ಇನ್ನು ಹೂವು ಕೇಳಬಾರದು. ಇರುವುದು ಎರಡೇ ಮನೆತನ, ಆ ಹಕ್ಕು ಕನಕಪ್ಪನ ಸೊಸೆ ಅನುರಾಧಾಳಿಗೆ.

ಕಳ್ಳನ ಮನೆಗೆ ದೇವಿ! ನಾನು ಬಾಯಿ ತೆರೆದೆ. ಅತ್ತೆ ಕೋಲಿನಿಂದ ನನ್ನ ಕಾಲು ಚುಚ್ಚಿದಳು. “ಸಾಕು. ಮಡು ಬಂತಲ್ಲ. ಒಂದ ಬಾಯಿ, ಎಷ್ಟಂತ ಉಣ್ತದ” ಎಂದಳು. ಆಮೇಲೆ ಅವಳ ಕಣ್ಣಿಂದ ನೀರು ಇಳಿಯಿತು. ಮೂವತ್ತು ವರ್ಷ ಅವಳ ಜೊತೆ ಬಾಳಿದ್ದೇನೆ, ಅವಳು ಅತ್ತದ್ದನ್ನು ಅವತ್ತೇ ನೋಡಿದ್ದು.

ಮೂರನೇ ದಿನ ದೇವಿ ಹಳೆಯ ಕಟ್ಟೆಯ ಮೇಲೆ, ತಗಡಿನ ನೆರಳಲ್ಲಿ ಕೂತಳು. ಹುಲಿಗೇಶ ಬೂದಿ ಲಾರಿಗೆ ಹೋಗುವುದನ್ನು ಬಿಟ್ಟ. ಮೊದಲ ಬಲೆಗೇ ನಾಲ್ಕು ಬಾಳೆಮೀನು ಬಿದ್ದವು. ನಾನು ದಂಡೆಯಲ್ಲಿ ಕೂತು ಅವನ್ನು ಬುಟ್ಟಿಗೆ ತುಂಬುತ್ತಿದ್ದೆ. ಸಂತೋಷಪಡಬೇಕಿತ್ತು. ಕಣ್ಣು ಮಾತ್ರ ದೇವಿಯ ಕಡೆಗೇ ಹೋಗುತ್ತಿತ್ತು.

ಕಟ್ಟೆಯ ಕಡೆಯಿಂದ ಅನುರಾಧಾ ಬಂದಳು. ಮದುವೆಯಾಗಿ ಎರಡು ವರ್ಷವೂ ಆಗಿಲ್ಲ. ತಟ್ಟೆಯಲ್ಲಿ ಕಣಗಿಲೆ ಹೂವು, ಮುಖದಲ್ಲಿ ಹೆದರಿಕೆ.

“ಅತ್ತಿ, ಹೂವು ನಿಂದ್ರವಲ್ಲವು. ಹಚ್ಚಿದ ಕೂಡಲೇ ಎರಡೂ ಜಾರಾಕತ್ತಾವ. ಮಾವ ಬೈಯಾಕತ್ತಾನ. ಹೆಂಗ ಹಚ್ಚೂದು, ಹೇಳಿಕೊಡ್ರಿ.”

ಹೋಗಿ ನಿನ್ನ ಮಾವನನ್ನೇ ಕೇಳು ಎನ್ನಬೇಕು ಅನ್ನಿಸಿತು. ನಾಲಿಗೆಯ ತುದಿಗೇ ಬಂದಿತ್ತು. ದೂರದಲ್ಲಿ ಕನಕಪ್ಪ ಕಟ್ಟೆಯ ಪಕ್ಕ ನಿಂತು ನಮ್ಮನ್ನೇ ನೋಡುತ್ತಿದ್ದ. ನಾನು ಮೀನಿನ ಕೈಯನ್ನು ಹೊಳೆಯಲ್ಲಿ ಎರಡು ಸಲ ತೊಳೆದೆ.

“ಗಂಧ ತೆಳ್ಳಗ ಆಗ್ಯಾದ. ಗಟ್ಟಿ ತೇಯಿ” ಎಂದೆ. “ಬೆರಳಿನಿಂದ ಒತ್ತಬ್ಯಾಡ, ಹೂವಿನ ತೊಟ್ಟು ಮಾತ್ರ ತಾಗಸು.”

ಅವಳು ತಲೆಯಾಡಿಸಿ ಹೊರಟಳು. ನಾನು ಕೂಗಿ ನಿಲ್ಲಿಸಿದೆ, ಕನಕಪ್ಪನಿಗೂ ಕೇಳುವಷ್ಟು ಜೋರಾಗಿ.

“ಅನುರಾಧಾ! ಎಡಕ್ಕ ಬಿದ್ರ, ಊರೆಲ್ಲಾ ಕಾಣೂ ಹಂಗ ಎತ್ತಿ ಹಿಡಿ. ನಿನ್ನ ಮಾವ ಮುಂದ ಕುಂತಿದ್ರೂ ಎತ್ತಿ ಹಿಡಿ.”